ಪ್ಲಾಸ್ಟಿಕ್ ಬಿಚ್ಚದ ಯಂತ್ರ

ಶೆಡ್ಲಿ ಚಿಕ್ಕಪ್ಪನವರಿಗೆ,

ಗುರುವಾರ ನಮ್ಮ ಪುರಸಭೆ ಒಂದು ಅನ್ಯಾಯ ಮಾಡಿತು. ನೀವೂ ನಾನೂ ಬಾಗಿಲಲ್ಲಿ ನಿಂತು ನೋಡಿದೆವು. ಮಬ್ರೂಕಾಳ ಕೈಯಿಂದ ಮಗಳ ಆಸ್ಪತ್ರೆಯ ಪತ್ರ ಹಾರಿ ಬಂದರಿನ ನೀರಿಗೆ ಬಿದ್ದದ್ದಕ್ಕೆ ಗಾಳಿಯನ್ನು ದೂರಬೇಡಿ. ಜೆರಾಕ್ಸ್ ಮಾಡಿಸಿಕೊಂಡು ಬಾ ಎಂದು ಅವಳನ್ನು ರಸ್ತೆಯಾಚೆಗೆ ಅಟ್ಟಿದವರು ನಾವು. ನಕಲು ತೆಗೆಯುವ ಹೊಸ ಡಿಜಿಟಲ್ ಯಂತ್ರ ಆಗ ಒಳಗಿನ ಕೋಣೆಯಲ್ಲಿ, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ, ಬೀಗ ಹಾಕಿಸಿಕೊಂಡು ಕೂತಿತ್ತು. ಬೀಗದ ಕೈ ನಿಮ್ಮ ಜೇಬಿನಲ್ಲಿತ್ತು.

ಈ ದೇಶದಲ್ಲಿ ಯಾವ ಕಚೇರಿಯೂ ಬರಿಯ ನಕಲನ್ನು ನಂಬುವುದಿಲ್ಲ. ಪುರಸಭೆ ಮೂಲ ಪತ್ರವನ್ನು ನೋಡಿ, ನಕಲಿನ ಮೇಲೆ 'ಮೂಲದಂತೆ ಸರಿಯಿದೆ' ಎಂದು ಮುದ್ರೆ ಒತ್ತಬೇಕು. ಮುದ್ರೆ ನಮ್ಮದು, ನಕಲು ಮಾತ್ರ ಹೊರಗಿನಿಂದ ಬರಬೇಕು. ಯಂತ್ರ ಬಂದ ಮೇಲೂ ಹೀಗೇ ಯಾಕೆ? ನಿರ್ದೇಶಕ ಸಿ ಬೂರಾವಿ ಹೇಳಿದ್ದನ್ನು ನೀವೇ ಕೇಳಿದ್ದೀರಿ: "ಗವರ್ನರ್ ಸಾಹೇಬ್ರು ಬಂದು ನೋಡೋವರೆಗೂ ಯಾರೂ ಮುಟ್ಟಬೇಡಿ. ಹೊಸದು ಹೊಸದಾಗೇ ಇರ್ಲಿ." ಸರದಿಯಲ್ಲಿ ನಿಂತ ಮೀನುಗಾರರು ನಮ್ಮನ್ನು ಗೇಲಿ ಮಾಡುತ್ತಾರೆ: "ಒಳಗೆ ಮದುವೆ ಹೆಣ್ಣು ಕೂರಿಸಿದ್ದೀರಂತೆ, ಮುಸುಕು ತೆಗೆಯೋದು ಯಾವಾಗ್ರಪ್ಪಾ?" ನೀವು ನಗುತ್ತೀರಿ. ನನಗೆ ನಗು ಬರುವುದಿಲ್ಲ.

ಯಂತ್ರದ ಜೊತೆ ಬಂದ ಪುಸ್ತಿಕೆಯನ್ನು ನಾನು ಕಾರ್ಮಿಕ ಸಂಘದ ಕರಪತ್ರಗಳನ್ನು ಓದುವ ಹಾಗೇ ಗೆರೆ ಎಳೆದು ಓದಿದ್ದೇನೆ. ಒಮ್ಮೆ ತೋರಿಸಿದ ಹಾಳೆಯನ್ನು ಅದು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಕಳೆದುಹೋದರೆ ಮತ್ತೆ ಕೊಡುತ್ತದೆ. ಕೂತಲ್ಲಿಂದಲೇ ಇನ್ನೊಂದು ಊರಿನ ಕಚೇರಿಗೆ ಕಳಿಸುತ್ತದೆ. ಮಾಸಿದ ಅಕ್ಷರವನ್ನು ಓದುವಂತೆ ಮಾಡುತ್ತದೆ. ಇದನ್ನೆಲ್ಲ ಹೇಳಿದಾಗ ನೀವು ಕೇಳಿದಿರಿ: "ಏನಯ್ಯಾ ಮೊಯಿಜ್, ನಿನ್ನ ಕ್ರಾಂತಿ ಈಗ ಕರೆಂಟಿನ ಮೇಲೆ ಓಡುತ್ತಾ?" ಹೌದು ಚಿಕ್ಕಪ್ಪ, ಓಡುತ್ತದೆ. ಬಡವರನ್ನು ಬಿಸಿಲಿನಿಂದ, ಬಡವರ ಬೆಳಗನ್ನು ಸರದಿಯಿಂದ ಉಳಿಸುವ ಯಾವುದೂ ನನಗೆ ಕ್ರಾಂತಿಯೇ.

ಈಗ ಮಬ್ರೂಕಾಳ ಮಗಳ ವಿಷಯ. ಪುಟ್ಟ ರೀಮಳ ಹೃದಯದ ಕವಾಟಕ್ಕೆ ಸೂಸ್ ನಗರದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಗಬೇಕು. ನಮ್ಮ ಕಚೇರಿ ವಾರದ ರಜೆಗೆ ಮುಚ್ಚಿದ ಮೇಲೆ ಡಾಕ್ಟರು ಪತ್ರವನ್ನು ಮತ್ತೆ ಬರೆದುಕೊಟ್ಟಿದ್ದಾರೆ. ಅದರ, ಮುದ್ರೆ ಒತ್ತಿದ ನಕಲು ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಕಚೇರಿ ತೆರೆಯುವ ಹೊತ್ತಿಗೆ ಅಲ್ಲಿರದಿದ್ದರೆ ಹಾಸಿಗೆ ಮುಂದಿನ ಮಗುವಿಗೆ ಹೋಗುತ್ತದೆ. ನಮ್ಮ ಕಿಟಕಿ ತೆರೆದು, ಆಚೆ ಅಂಗಡಿಯ ಸರದಿ ಮುಗಿದು, ಅವಳು ಬಸ್ಸು ಹಿಡಿಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ನಾನು ಆಸ್ಪತ್ರೆಗೆ ಫೋನು ಮಾಡಿದೆ. ಯಂತ್ರದಿಂದ ಕಳಿಸಿದ ನಕಲನ್ನು ಒಪ್ಪುತ್ತಾರಂತೆ. ಮುದ್ರೆಯ ನಯೀಮಾ ಕೂಡ ಬೇಗ ಬರಲು ಒಪ್ಪಿದ್ದಾಳೆ. "ಮುದ್ರೆ ಒತ್ತೋದು ನನ್ನ ಕೆಲಸ, ಒತ್ತುತೀನಿ. ಬೀಗದ ಸುದ್ದಿಗೆ ಮಾತ್ರ ನನ್ನನ್ನ ಎಳೀಬೇಡ" ಎಂದಳು.

ನೆನ್ನೆ ನೀವು ಚಹಾದ ಲೋಟ ಕೆಳಗಿಟ್ಟು ಹೇಳಿದ ಮಾತು ಕಿವಿಯಲ್ಲೇ ಇದೆ. "ಅದು ಎಲ್ಲಾ ನೆನಪಿಟ್ಕೊಳ್ಳುತ್ತೆ ಅಂತೀಯ. ಯಾರು ಯಾವಾಗ ಮುಟ್ಟಿದ್ರು ಅನ್ನೋದನ್ನೂ ಬರ್ಕೊಳ್ಳುತ್ತೆ ತಾನೇ? ನಾಳೆ ಅದೇ ನನ್ನ ಮೇಲೆ ಸಾಕ್ಷಿ ಹೇಳುತ್ತೆ. ನಿವೃತ್ತಿ ಹತ್ರ ಇದೆ ಕಣೋ." ಸರಿಯಾಗೇ ಹೇಳಿದಿರಿ. ಕೆಲಸ ಶುರುಮಾಡುವ ಮೊದಲು ಅದು ಹೆಸರು ಕೇಳುತ್ತದೆ. ನಾನು ನನ್ನ ಹೆಸರನ್ನೇ ಒತ್ತುತ್ತೇನೆ. ಕೇಳುವವರು ನನ್ನನ್ನು ಕೇಳಲಿ.

ನೀವು ಹೇಳದೆ ಬಿಟ್ಟದ್ದೂ ನನಗೆ ಗೊತ್ತು. ರಸ್ತೆಯಾಚೆಯ ಜೆರಾಕ್ಸ್ ಅಂಗಡಿ ನಿಮ್ಮ ಮಗಳು ಉಲ್ಫಾಳದು. ಒಮ್ಮೆ ಈ ಯಂತ್ರ ಓಡಿದರೆ ಅವಳ ಸರದಿ ಕರಗುತ್ತದೆ. ಇದಕ್ಕೆ ಉತ್ತರ ಹುಡುಕಿ ಸಂಘದ ಕರಪತ್ರಗಳನ್ನೆಲ್ಲ ತಿರುವಿದೆ. ಸಿಗಲಿಲ್ಲ. ಸಿಕ್ಕಿತು ಎಂದು ನಿಮಗೆ ಸುಳ್ಳು ಹೇಳಲಾರೆ. ಆದರೆ ಉಲ್ಫಾಳನ್ನೇ ಕೇಳಿದೆ. ಅವಳು ತನ್ನ ಯಂತ್ರದ ಇಂಕು ಮೆತ್ತಿದ ಕೈಯನ್ನು ನನ್ನ ಮುಖಕ್ಕೆ ಹಿಡಿದು ಬೈದಳು: "ನನ್ನ ಅಂಗಡಿ ಮುಳುಗಿಸೋಕೆ ನನ್ನ ಹತ್ರಾನೇ ಅಪ್ಪಣೆ ಕೇಳ್ತೀಯಲ್ಲೋ, ನಾಚಿಕೆ ಇಲ್ವಾ?" ಆಮೇಲೆ ಕೈ ಒರೆಸಿಕೊಳ್ಳುತ್ತಾ, "ಮೊದ್ಲು ಆ ಮಗು ಉಳೀಲಿ, ಆಮೇಲೆ ನಿನ್ನ ಜೊತೆ ಜಗಳ ಆಡ್ತೀನಿ" ಎಂದಳು.

ಬೀಗ ಒಡೆಯಲು ನನಗೆ ಬರುತ್ತದೆ. ಒಡೆದು ತೆರೆದದ್ದನ್ನು ಸಂಜೆಯೊಳಗೆ ಇನ್ನೂ ದೊಡ್ಡ ಬೀಗ ಹಾಕಿ ಮುಚ್ಚುತ್ತಾರೆ, ಕಳ್ಳತನ ಎಂದು ಹೆಸರಿಡುತ್ತಾರೆ. ಕಾಯುವವರೇ ಕೀಲಿ ತಿರುಗಿಸಿ ತೆರೆದರೆ, ಮರುದಿನ ಮುಚ್ಚಲು ಸಿ ಬೂರಾವಿಗೆ ಕಾರಣ ಬೇಕಾಗುತ್ತದೆ. ಸರದಿಯ ಅಷ್ಟೂ ಜನರೆದುರು ಆ ಕಾರಣ ಹೇಳಬೇಕಾಗುತ್ತದೆ. ಅದಕ್ಕೇ ನಿಮ್ಮನ್ನು ಬೇಡುತ್ತಿದ್ದೇನೆ.

ಅಪ್ಪನ ದೋಣಿ ಅಪ್ಪನಿಲ್ಲದೆ ದಡ ಸೇರಿದ ದಿನದಿಂದ ನನ್ನ ತಟ್ಟೆಗೆ ನೀವು ಮೀನು ಹಾಕಿದ್ದೀರಿ. ನಾನು ನಿಮಗೆ ಒಂದು ಮಾತು ಯಾವತ್ತೂ ಹೇಳಿರಲಿಲ್ಲ. ಸಿ ಬೂರಾವಿಯ ಮೇಲೆ ಸಿಟ್ಟು ಬರಲು ನನಗೆ ಒಂದು ಕರಪತ್ರ ಸಾಕು. ನಿಮ್ಮ ಮೇಲೆ ಸಿಟ್ಟು ಬಂದಾಗ ಮಾತ್ರ ಊಟ ಸೇರುವುದಿಲ್ಲ.

ನಿಮ್ಮ ಕೈಗಳಿಗೆ ದೇವರು ಬಲ ಕೊಡಲಿ, ಮನೆಯವರೆಲ್ಲ ಚೆನ್ನಾಗಿರಲಿ.

ನಿಮ್ಮ ಮಗನಂಥವನು,
ಮೊಯಿಜ್

ಮಬ್ರೂಕಾ, ನಯೀಮಾ, ನಾನು ಪುರಸಭೆಯ ಹಿಂಬಾಗಿಲಲ್ಲಿ ಇರುತ್ತೇವೆ: ಸೋಮವಾರ, ಬೆಳಿಗ್ಗೆ ಏಳು ಗಂಟೆಗೆ.