ಸಾಕಮ್ಮ ಅಳಿಸಿದ ಹೆಸರು

ರೀ,

ನೀವು ಬರೆದಿಟ್ಟುಹೋದ ಕಂಪ್ಯೂಟರ್ ಕೋಡಿನ ವಿಷಯಕ್ಕೆ ಗಂಡ ಹೆಂಡತಿ ಕೂತು ಜಗಳ ಆಡಬೇಕಿತ್ತು. ಆಡೋಣವೆಂದರೆ ನೀವೇ ಇಲ್ಲ. ಹೋದ ವರ್ಷ ಎದೆ ಹಿಡಿದುಕೊಂಡು ಕೂತವರು ಮೇಲೇಳಲೇ ಇಲ್ಲ. ಹುಣಸೂರಿನ ನಮ್ಮ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಟೀ ತರುವವನು ಈಗಲೂ ಎರಡು ಲೋಟ ತಂದು, ನಾಲಿಗೆ ಕಚ್ಚಿಕೊಂಡು ಒಂದನ್ನು ವಾಪಸ್ ಒಯ್ಯುತ್ತಾನೆ.

ಬೆಟ್ಟದಪುರದ ಸಾಕಮ್ಮನ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ನಾವು ಹಾಕಿಕೊಟ್ಟ ಪೆಟ್ಟಿಗೆ ನೆನಪಿದೆಯಲ್ಲ? ಬಿಸಿ ಮಿತಿ ಮೀರಿದರೆ ಗಂಟೆ ಹೊಡೆಯಬೇಕಾದದ್ದು. ಮೊನ್ನೆ ಹೊಡೆಯಲೇ ಇಲ್ಲ. ಸೊಪ್ಪು ಸೀದ ವಾಸನೆ ಬಂದು ಆಕೆಯೇ ಓಡಿಹೋಗಿ ಒಲೆಯ ಕೊಳ್ಳಿ ಎಳೆದಿದ್ದಾಳೆ. ಸ್ವಲ್ಪ ತಡವಾಗಿದ್ದರೂ ಬ್ಯಾರನ್ ಉರಿದುಹೋಗುತ್ತಿತ್ತು.

ಹೋಗಿ, ಪೆಟ್ಟಿಗೆಯಲ್ಲಿ ಏನು ಒತ್ತಿದಿರಿ ಎಂದು ಕೇಳಿದೆ. "ಯಾರ ಬ್ಯಾರನ್ನು ಅಂತ ಎಸ್ರು ಕೇಳ್ತು ಕಣವ್ವ. ನಮ್ಮ ಯಜಮಾನ್ರುದು ಒಂದಕ್ಸರ ಒತ್ಬುಟ್ಟೆ. ಗಂಡನ್ ಎಸ್ರ ನಾನ್ ಬರ್ಯಾದಾ ಅನ್ಕಂಡು ಅಳಿಸ್ದೆ. ಒಸಿ ಉಳ್ಕಂಡಿರ್ತದೇನೋ ಅಂತ ಅಳಸ್ತಾನೇ ಇದ್ದೆ" ಎಂದಳು.

ಅಂಗಡಿಗೆ ಬಂದು ನಿಮ್ಮ ಕೋಡ್ ತೆಗೆದು ನೋಡಿದೆ. ಒಂದು ಸಲ ಅಳಿಸಿದರೆ ಅದು ಮೆಮೊರಿಯಲ್ಲಿ ಒಂದು ಮನೆ ಹಿಂದೆ ಸರಿದು ಅಲ್ಲಿ ಸೊನ್ನೆ ಬರೆಯುತ್ತದೆ. ಹೆಸರಿನ ಜಾಗ ಎಲ್ಲಿ ಶುರುವಾಗುತ್ತದೆ ಎಂದು ಮಾತ್ರ ನೋಡುವುದೇ ಇಲ್ಲ. ಅಕ್ಷರ ಮುಗಿದರೂ ಹಿಂದಕ್ಕೆ ಹೋಗುತ್ತಲೇ ಇರುತ್ತದೆ. ಹೆಸರಿಗಿಂತ ಹಿಂದಿನ ಮನೆಯಲ್ಲಿದ್ದದ್ದು ಬಿಸಿಯ ಮಿತಿ. ಅದೂ ಸೊನ್ನೆಯಾಯಿತು. ಮಿತಿ ಸೊನ್ನೆಯಾದರೆ ಗಂಟೆ ಬಂದ್ ಎಂದು ಬರೆದವರೂ ನೀವೇ. ಸಿಟ್ಟು ಬಂತು ಕಣ್ರೀ. ಬಯ್ಯಲು ತಲೆಯೆತ್ತಿದರೆ ಎದುರಿನ ಕುರ್ಚಿ ಖಾಲಿ. ಅತ್ತುಬಿಟ್ಟೆ.

ಸರಿಪಡಿಸಿದ್ದೇನೆ. ಹಿಂದೆ ಸರಿಯುವ ಮೊದಲು, ಅಳಿಸಲು ಏನಾದರೂ ಉಳಿದಿದೆಯೇ ಎಂದು ಈಗ ನೋಡುತ್ತದೆ. ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಮಿತಿ ಹೇಗೋ ಸೊನ್ನೆಯಾದರೂ ಇನ್ನು ಮೇಲೆ ಸುಮ್ಮನಿರುವುದಿಲ್ಲ, ಗಂಟೆ ಬಡಿದುಕೊಳ್ಳುತ್ತದೆ. ನಮ್ಮ ಪೆಟ್ಟಿಗೆ ಹಾಕಿಸಿಕೊಂಡು ಒಲೆ ಹಚ್ಚಿದವರಿಗೆಲ್ಲ ಫೋನ್ ಮಾಡಿ, ನಾನು ಬರುವವರೆಗೆ ಪೆಟ್ಟಿಗೆ ನಂಬಬೇಡಿ ಎಂದಿದ್ದೇನೆ. ಒಂದೊಂದೇ ಪೆಟ್ಟಿಗೆ ಸರಿಮಾಡಿಕೊಂಡು ಬರಬೇಕು. ನಾಳೆ ಕಂಪಲಾಪುರದಿಂದ ಶುರು, ಒಬ್ಬಳೇ.

ಪರೀಕ್ಷೆ ಮಾಡಲು ಒಂದು ಹೆಸರು ಬೇಕಿತ್ತು. "ಎಂಜಿನಿಯರಿಂಗ್ ಓದಿದ್ರೂ ರೀ ರೀ ಅಂತೀಯಲ್ಲೇ, ನನಗೆ ಹೆಸರಿಲ್ವಾ?" ಎಂದು ರೇಗಿಸುತ್ತಿದ್ದಿರಿ. ಇನ್ನು ಸಾಕಮ್ಮನಿಗೆ ಬುದ್ಧಿ ಹೇಳಲು ನನಗೆಲ್ಲಿ ಬಾಯಿ? ನಿಮ್ಮ ಹೆಸರನ್ನೇ ಒತ್ತಿದೆ. ಕೊನೆಯಿಂದ ಒಂದೊಂದೇ ಅಕ್ಷರ ಅಳಿಸಿದೆ. ಖಾಲಿಯಾದ ಮೇಲೂ ಬೇಕೆಂದೇ ಒತ್ತಿದೆ. ನಿಂತಿತು ರೀ. ಮಿತಿ ಇದ್ದ ಹಾಗೇ ಇತ್ತು.

ಕೆಲಸ ಮುಗಿದಿತ್ತು, ಆದರೆ ಆ ಖಾಲಿ ಪರದೆ ನೋಡಲಾಗಲಿಲ್ಲ. ಮತ್ತೆ ಬರೆದೆ, ಶಿವಶಂಕರ ಎಂದು. ಅಳಿಸದೆ ಹಾಗೇ ಬಿಟ್ಟಿದ್ದೇನೆ.

ಇಲ್ಲಿಯ ಬಿಸಿ ನಾನು ನೋಡಿಕೊಳ್ಳುತ್ತೇನೆ. ನೀವು ಅಲ್ಲಿ ತಣ್ಣಗಿರಿ.

ನಿಮ್ಮ
ವಾಣಿಶ್ರೀ