ಹೊನ್ನಿಯ ಮೊದಲ ತುತ್ತು

ಬಂಡೆಯೂರು
ಫೆಬ್ರುವರಿ ಮೂವತ್ತು, ೨೩೪೧

ಮುನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಶಿವಗಂಗವ್ವನ ಶರಣು.

ತಾರೀಕು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಮಾತಾಡಲು ಜನರಿಲ್ಲದವಳ ನಾಲಿಗೆ, ಎತ್ತ ಹರಿಯುತ್ತದೋ ಹೇಳಲಾರೆ.

ಬಿಸಿಲು ತಾಳಲಾರದೆ ನಮ್ಮವರು ಬಳ್ಳಾರಿ ಸೀಮೆಯ ಗುಡ್ಡ ಕೊರೆದು ಒಳಗೆ ಸೇರಿದರು. ಇಡೀ ಊರಿಗೆ ಒಂದೇ ಅಡುಗೆಮನೆ. ಅಲ್ಲಿಯ ಸೌಟು ನನ್ನ ಕೈಯಲ್ಲಿತ್ತು. ಬಾಗಿಲಲ್ಲಿ ಅಂಗೈದೀಪವಿದೆ. ಅದರ ಕೆಳಗೆ ಕೈ ಚಾಚಿದರೆ, ಹೊಟ್ಟೆ ಕೆಡಿಸುವ ಸೂಕ್ಷ್ಮಜೀವಿಗಳು ಇದ್ದ ಕಡೆ ಕೆಂಪಗೆ ಹೊಳೆಯುತ್ತದೆ. ತರಕಾರಿ ಹೆಚ್ಚುವವರು, ಪಾತ್ರೆ ತೊಳೆಯುವವರು, ಉಣ್ಣಲು ಬರುವವರು, ಎಲ್ಲರೂ ಕೈ ತೋರಿಸಿಯೇ ಒಳಗೆ ಬರಬೇಕು. ಅಡುಗೆಯವಳನ್ನು ಮಾತ್ರ ಕೇಳುವಂತಿಲ್ಲ. ಉಣಿಸುವ ಕೈಯನ್ನು ಅನುಮಾನಿಸಿದರೆ ಅನ್ನಕ್ಕೇ ಅವಮಾನ ಎಂಬುದು ನಮ್ಮೂರ ಕಟ್ಟಳೆ. ಎಂಥ ಬುದ್ಧಿವಂತರು ನೋಡಿ! ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ಮಲಗಿತು. ಇಬ್ಬರು ಮುದುಕರು ತೀರಿಕೊಂಡರು. ನೀರು ಸೋಸಿ ನೋಡಿದರು, ಅಕ್ಕಿ ಅರೆದು ನೋಡಿದರು. ಕೊನೆಗೆ ವೈದ್ಯರು ಸಂಕೋಚದಿಂದಲೇ ದೀಪದ ಕೆಳಗೆ ಕೈ ಚಾಚಲು ನನ್ನನ್ನು ಕೇಳಿದರು. ಅಂಗೈಯೆಲ್ಲ ಕೆಂಪು.

ನನಗೆ ಒಂದು ದಿನವೂ ಜ್ವರ ಬಂದದ್ದಿಲ್ಲ. ಆದರೆ ಆ ಜೀವಿಗಳು ನನ್ನ ಕರುಳಲ್ಲೇ ಮನೆ ಮಾಡಿಕೊಂಡಿವೆ, ಯಾವ ಮದ್ದಿಗೂ ಜಗ್ಗುವುದಿಲ್ಲ. ಎಷ್ಟು ತೊಳೆದರೂ ಮತ್ತೆ ಕೈಗೆ ಬರುತ್ತವೆ. ಕುದಿಸಿದರೆ ಸಾಯುತ್ತವೆ ನಿಜ, ಕುದಿಸಿದ್ದನ್ನು ನಾನು ಮತ್ತೆ ಮುಟ್ಟಿದರೆ ಮುಗಿಯಿತು. ಹಾಗಾಗಿ ಗುಡ್ಡದ ಕೊನೆಯ ಕೋಣೆಯಲ್ಲಿ ಒಬ್ಬಳೇ ಇದ್ದೇನೆ. ಊರಿಗೆಲ್ಲ ಬೇಯಿಸಿದವಳು ಒಬ್ಬಳಿಗಾಗಿ ಒಲೆ ಹಚ್ಚುವುದು ಎಂಥ ಬೇಸರ! ನಾನೇ ಬಡಿಸಿಕೊಂಡು, ಸಾಕೋ ಇನ್ನೂ ಬೇಕೋ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಹುಚ್ಚಿ ಅನ್ನಿ, ಪರವಾಗಿಲ್ಲ.

ಇವತ್ತು ಮೊಮ್ಮಗಳು ಹೊನ್ನಿಗೆ ಮೊದಲ ಅನ್ನ. ನಮ್ಮ ಮನೆತನದಲ್ಲಿ ಅದನ್ನು ಅಜ್ಜಿಯೇ ಉಣಿಸಬೇಕು. ಸೊಸೆ ಮಹಾನಂದಾ ಯಾರಿಗೂ ಹೇಳದೆ ಮಗುವನ್ನು ಎತ್ತಿಕೊಂಡು, ಬಿಸಿ ಅನ್ನದ ಬಟ್ಟಲು ಹಿಡಿದು ಬಂದಳು. "ಅತ್ತಿ, ಒಂದ ತುತ್ತು ಉಣಸ್ರಿ. ಒಂದ ತುತ್ತಿಗೆ ಏನಾಗ್ತದ? ನಾಳೆ ಈಕಿ ಕೇಳಿದ್ರ ನಾ ಏನ್ ಹೇಳ್ಲಿ?" ಎಂದು ಅತ್ತಳು. ಮಗು ನನ್ನ ಮುಖ ನೋಡಿ ಬಾಯಿ ತೆರೆಯಿತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ದೂರ ನಿಂದ್ರು! ನೀನ ಉಣಸು, ನಾ ನೋಡ್ತೀನಿ" ಎಂದು ಗದರಿದೆ. ಹೊನ್ನಿ ಹೆದರಿ ಚೀರಿದಳು. ತಾಯಿಯ ಕೈಯಿಂದ ನಾಲ್ಕಗುಳು ಒಳಗೆ ಹೋದ ಮೇಲೆ ಸುಮ್ಮನಾಗಿ, ಇನ್ನಷ್ಟು ಬೇಕೆಂದು ಬಾಯಿ ಬಿಟ್ಟಳು. ನನ್ನ ಕಡೆ ಮತ್ತೆ ನೋಡಲಿಲ್ಲ.

ಹಿರಿಯರೇ, ಉಣಿಸುವ ಕೈಯನ್ನು ಅನುಮಾನಿಸಬಾರದೆಂಬ ಕಟ್ಟಳೆ ನಿಮ್ಮಲ್ಲಿ ಇನ್ನೂ ಹುಟ್ಟಿರಲಿಕ್ಕಿಲ್ಲ. ಹುಟ್ಟಲು ಬಿಡಬೇಡಿ. ಅಡುಗೆಯವರ ಕೈಯನ್ನೇ ಮೊದಲು ನೋಡಿ. ಅವರಿಗೆ ಸಿಟ್ಟು ಬಂದರೆ ಬರಲಿ.

ಹೊನ್ನಿ ದೊಡ್ಡವಳಾದ ಮೇಲೆ, ನಮ್ಮಜ್ಜಿ ಮಹಾ ಸಿಡುಕಿ, ಒಂದು ತುತ್ತು ಕೂಡ ಕೊಡಲಿಲ್ಲ ಎಂದು ಬೈಯುತ್ತಾಳೆ. ಬೈಯಲಿ. ಬೈಯುವುದಕ್ಕೆ ಅವಳಿರುತ್ತಾಳಲ್ಲ.