ಬೋಧಿಯ ಕೆಳಗಿನ ಮರಳಂಗಳ

ಜೂನ್ 9

ಮೆಣಸಿನಕಾಯಿ ಕುಟ್ಟಿ ಕೈ ಉರಿ. ಪೆನ್ನು ಹಿಡಿದರೂ ಉರಿ. ಬಸ್ಸಿನ ನಲವತ್ತೊಂದು ಜನಕ್ಕೂ ಅನ್ನಕ್ಕೆ ಕಲಸುವ ಖಾರದ ಚಟ್ನಿ, ಸಂಬೋಲ, ನಾನೇ ಮಾಡಬೇಕಂತೆ, ಅರ್ನೋಲಿಸ್ ಮಾವನ ಅಪ್ಪಣೆ. ಪ್ರತಿ ವರ್ಷ ಊರವರನ್ನು ಅನುರಾಧಪುರಕ್ಕೆ ಕರೆದೊಯ್ಯುವ ಯಾತ್ರೆಯ ಗುರು ಅವರು. ಎದುರು ಮಾತಿಲ್ಲ. ಹೊರಡುವವರು ಯಾರೂ ಏಳು ದಿನದಿಂದ ಮೀನು, ಮೊಟ್ಟೆ ಮುಟ್ಟಿಲ್ಲ. ಕಡಲಂಚಿನ ಊರಿಗೆ ಸಣ್ಣ ಶಿಕ್ಷೆಯಲ್ಲ.

ಈ ಸಲದ ದೊಡ್ಡ ಹರಕೆ ಇನೋಕಾ ಅತ್ತಿಗೆಯದು. ಮದುವೆಯಾಗಿ ಆರು ವರ್ಷ, ಮಗುವಿಲ್ಲ. ಹುಣ್ಣಿಮೆ ಬೆಳಿಗ್ಗೆ ಅಲ್ಲಿನ ಬೋಧಿ ಮರದ ಸುತ್ತಲಿನ ಮೇಲಿನ ಅಂಗಳದಲ್ಲಿ ನೀರಿನ ಕೊಡ ಹೊತ್ತು ಏಳು ಸುತ್ತು. ಅಮ್ಮ ಹೇಳಿಬಿಟ್ಟಿದ್ದಾಳೆ, ಇದೇ ಕೊನೆ. ಹರಕೆ ತಪ್ಪಿದರೆ ಅತ್ತಿಗೆ ತವರಿಗೆ. ಅಣ್ಣ ಅಲ್ಲೇ ಕೂತು ಬಲೆಯ ಸಿಕ್ಕು ಬಿಡಿಸುತ್ತಿದ್ದ. ಅವನು ಕಡಲಿಗೆ ಹೋಗಬೇಕು, ಯಾತ್ರೆಗಿಲ್ಲ.

ಎರಡು ದೊಡ್ಡ ಟಿನ್ ತುಂಬಿತು. ಮುಚ್ಚಳಕ್ಕೆ ಬಟ್ಟೆ ಕಟ್ಟಿದ್ದೇನೆ.

ಜೂನ್ 12, ಮಧ್ಯಾಹ್ನ

ದಂಬುಲ್ಲ ದಾಟಿದ ಮೇಲೆ ಬಸ್ಸಿನ ಬೆಲ್ಟ್ ಕಿತ್ತುಹೋಯಿತು. ಎರಡು ತಾಸು ಮರದ ನೆರಳಲ್ಲಿ. ಇನ್ನೆಷ್ಟು ದೂರ ಎಂದು ಯಾತ್ರೆಯಲ್ಲಿ ಕೇಳಬಾರದು. ಯಾರೂ ಕೇಳಲಿಲ್ಲ. ಎಲ್ಲರ ಮುಖದಲ್ಲೂ ಅದೇ ಪ್ರಶ್ನೆ.

ಅನ್ನದ ಪೊಟ್ಟಣ ಬಿಚ್ಚಿದೆವು. ಅರ್ನೋಲಿಸ್ ಮಾವ ಸಂಬೋಲ ಮೂರು ಸಲ ಹಾಕಿಸಿಕೊಂಡರು. ಈ ಕೈಗೆ ಬಂಗಾರದ ಬಳೆ ಹಾಕಬೇಕು ಎಂದರು. ಎಲ್ಲರೂ ನನ್ನನ್ನೇ ನೋಡಿದರು. ನೆಲ ನೋಡುತ್ತ ಕೂತೆ. ಆದರೂ ಖುಷಿ. ಐದನೇ ಕ್ಲಾಸು ಬಿಟ್ಟಮೇಲೆ ನಾಲ್ಕು ಜನರ ಮುಂದೆ ನನ್ನ ಹೆಸರು ಬಂದದ್ದು ಇವತ್ತೇ.

ಅತ್ತಿಗೆ ಸಂಬೋಲ ಒಂದು ಚೂರು ಬಾಯಿಗಿಟ್ಟು, ಸೆರಗಿನಲ್ಲಿ ಉಗಿದಳು. ಉಳಿದದ್ದನ್ನು ಎಲೆಯ ಅಂಚಿಗೆ ಸರಿಸಿದಳು. ನಾನು ನೋಡಿದೆ. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ. ಬರೀ ಅನ್ನ, ತೆಂಗಿನಚೂರು ತಿಂದಳು. ಆರು ವರ್ಷದಲ್ಲಿ ಎಂದಾದರೂ ಖಾರ ಬಿಟ್ಟವಳೇ? ಚೀಲ ತೊಡೆಯ ಮೇಲಿಂದ ಇಳಿಸುವುದೇ ಇಲ್ಲ. ಅದರಲ್ಲಿ ತಿನ್ನಲು ಬೇರೇನೋ ಇದೆ. ಇಲ್ಲದಿದ್ದರೆ...

ಜೂನ್ 13

ಮಿಹಿಂತಲೆ ಬೆಟ್ಟದ ಮೆಟ್ಟಿಲಲ್ಲಿ ಕಡಜ ಎದ್ದವು. ಹಿಂದೆ ಮುಂದೆ ಎಷ್ಟೋ ಊರಿನವರಿದ್ದರು. ನಮ್ಮ ಸಾಲಿಗೇ ಬಂದವು. ಅರ್ನೋಲಿಸ್ ಮಾವನ ರೆಪ್ಪೆಗೆ ಕಚ್ಚಿ ಒಂದು ಕಣ್ಣು ಪೂರ್ತಿ ಮುಚ್ಚಿದೆ. ಇನ್ನೊಂದರಲ್ಲೂ ನೀರು.

ನೆನ್ನೆ ಬೆಲ್ಟು, ಇವತ್ತು ಕಡಜ. ಯಾರೋ ಒಬ್ಬರು ಶುದ್ಧವಿಲ್ಲ. ಆ ಮಾತು ಯಾರು ಮೊದಲು ಆಡಿದರೋ ತಿಳಿಯದು, ಕೆಳಗಿಳಿಯುವಷ್ಟರಲ್ಲಿ ಎಲ್ಲರ ಬಾಯಲ್ಲೂ ಇತ್ತು. ಒಬ್ಬರು ಇನ್ನೊಬ್ಬರ ಉಸಿರು ಮೂಸುವ ಹಾಗೆ ಹತ್ತಿರ ಬಂದು ಮಾತಾಡುತ್ತಾರೆ.

ಅಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. "ನಿನ್ನತ್ತಿಗೆ ಏನ್ ತಿಂತಿದಾಳೆ, ನೋಡಿದ್ಯಾ?"

"ನಮ್ ಜೊತೆ ಸರಿಯಾಗಿ ತಿಂತಿಲ್ಲ" ಎಂದೆ.

ಅಷ್ಟೇ ಹೇಳಿದ್ದು. ಸುಳ್ಳಲ್ಲ.

ಅದೇ ದಿನ, ಸಂಜೆ 5

ಅನುರಾಧಪುರದ ಛತ್ರ ಸೇರಿದೆವು. ಅಮ್ಮ ಎಲ್ಲರ ಮುಂದೆ ಅತ್ತಿಗೆಯ ಚೀಲ ಚಾಪೆಯ ಮೇಲೆ ಸುರಿದಳು. ಬಿಳಿ ಸೀರೆ, ಬಾಚಣಿಗೆ, ಹುರಿಗಡಲೆ ಪೊಟ್ಟಣ. ಬೇರೇನಿಲ್ಲ. ಏನೂ ಸಿಗದಿದ್ದದ್ದೇ ದೊಡ್ಡ ಸಾಕ್ಷಿಯಾಯಿತು.

ಪಕ್ಕದ ಮನೆಯ ಎಮಲಿನ್ ದೊಡ್ಡಮ್ಮ ಅಂದಳು, "ಎಲ್ಲಿ ಸಿಗುತ್ತೆ? ಬೆಕ್ಕು ಮುಳ್ಳು ಉಳಿಸುತ್ತಾ?"

ಕೆಲವರು ನಕ್ಕರು. ಅತ್ತಿಗೆ ಒಂದೊಂದಾಗಿ ಸಾಮಾನು ಚೀಲಕ್ಕೆ ತುಂಬಿದಳು. ತಾನೇನೂ ತಿಂದಿಲ್ಲ ಎಂದು ಒಂದೇ ಸಲ ಹೇಳಿದಳು, ಮೆಲ್ಲಗೆ. ಹಾಗಾದರೆ ಊಟ ಯಾಕೆ ಬಿಡುತ್ತಿದ್ದೀಯ ಎಂದು ಅರ್ನೋಲಿಸ್ ಮಾವ ಕೇಳಿದರು. ಕಣ್ಣೆತ್ತಿ ನನ್ನ ಕಡೆ ನೋಡಿದಳು. ಯಾಕೆ ನನ್ನನ್ನೇ? ಅಮ್ಮನಿಗೆ ನಾನು ಹೇಳಿದ್ದು ಗೊತ್ತಾಗಿದೆಯೇ?

ತೀರ್ಮಾನ: ಹುಣ್ಣಿಮೆಯಂದು ಅವಳು ಮೇಲಿನ ಅಂಗಳ ಹತ್ತುವ ಹಾಗಿಲ್ಲ.

"ಆಗ್ಲಿ" ಎಂದಳು. ಇಷ್ಟು ಸುಲಭವಾಗಿ ಯಾರಾದರೂ ಒಪ್ಪುತ್ತಾರೆಯೇ? ತಪ್ಪು ಮಾಡಿರಲೇಬೇಕು.

ಜೂನ್ 14, ಮಧ್ಯಾಹ್ನ 2

ಈಗಲೇ ಬರೆದುಬಿಡುತ್ತೇನೆ.

ಛತ್ರದ ಹಿಂದೆ ಖಾಲಿ ಟಿನ್ ತೊಳೆಯಲು ಇಟ್ಟಿದ್ದೆ. ಪಕ್ಕದಲ್ಲೇ ಬೇರೆ ಊರವರ ಪಾತ್ರೆಗಳು, ಬೇಳೆ ಸಾರು, ಹಲಸಿನಕಾಯಿ ಪಲ್ಯ. ಛತ್ರದ ಬೆಕ್ಕು ಅದಾವುದನ್ನೂ ಮೂಸಲಿಲ್ಲ. ನೇರವಾಗಿ ನನ್ನ ಟಿನ್ನಿಗೆ ತಲೆ ತೂರಿಸಿತು. ಖಾರಕ್ಕೆ ಸೀನಿತು, ಮತ್ತೆ ತೂರಿಸಿತು. ಓಡಿಸಿದೆ. ಮತ್ತೆ ಬಂತು.

ತಳ ಕೆರೆದು ನೋಡಿದೆ. ಮರದ ಹೊಟ್ಟಿನಂಥ ಚೂರುಗಳು. ಉಂಬಲಕಡ. ಒಣಮೀನಿನ ಪುಡಿ.

ನಾನು ಹಾಕಲಿಲ್ಲ ಎಂದುಕೊಂಡೆ. ಆಮೇಲೆ ಕೈ ನೆನಪಾಯಿತು. ಮೆಣಸು, ಉಪ್ಪು, ಈರುಳ್ಳಿ, ಆಮೇಲೆ ಒಲೆಯ ಮೇಲಿನ ಮಡಕೆಯಿಂದ ಒಂದು ಹಿಡಿ. ಎಂಟು ವರ್ಷದವಳಿದ್ದಾಗಿಂದ ಹಾಗೇ. ಅದನ್ನು ನಮ್ಮಲ್ಲಿ ಯಾರೂ ಮೀನು ಎನ್ನುವುದಿಲ್ಲ, ಉಪ್ಪಿನ ಹಾಗೆ ಅದೂ. ಹಾಕದಿದ್ದರೆ ನಲವತ್ತು ನಾಲಗೆಗೂ ಗೊತ್ತಾಗುತ್ತಿತ್ತು. ಹಾಕಿದ್ದು ಗೊತ್ತಾಗಲಿಲ್ಲ.

ಒಬ್ಬಳಿಗೆ ಬಿಟ್ಟು.

ಸಂಜೆ

ಅತ್ತಿಗೆ ತಿಸ್ಸ ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಪಕ್ಕ ಹೋಗಿ ಕೂತೆ. ಟಿನ್ ತೋರಿಸಿದೆ.

"ಈಗ ಗೊತ್ತಾಯ್ತಾ?" ಎಂದಳು.

ಮೊದಲೇ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರೆ ನಲವತ್ತ್ ಜನ ನಿನ್ನ ಹರ್ಕೊಂಡ್ ತಿಂತಿದ್ರು ಸುಜೀ. ನಿಂಗೆ ತಡ್ಕೊಳೋಕಾಗಲ್ಲ. ನಂಗೆ ರೂಢಿ."

ಸೀರೆ ಹಿಂಡಿದಳು. ನನ್ನ ಕಡೆ ತಿರುಗದೆ ಕೇಳಿದಳು, "ಅಮ್ಮಂಗೆ ಹೇಳಿದ್ದು ನೀನೇನಾ?"

ಹೂಂ ಎಂದೆ. ಸೀರೆಯ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಹಿಂಡಿದೆವು.

ಎಲ್ಲರ ಮುಂದೆ ಎದ್ದು ನಿಂತು ಹೇಳಲು ನನ್ನಿಂದಾಗದು. ಬರೆದು ಕೊಡುತ್ತೇನೆ. ಈ ಪುಸ್ತಕದ ಕೊನೆಯ ಹಾಳೆ ಹರಿದೆ.

ಜೂನ್ 15, ಹುಣ್ಣಿಮೆ, ಬೆಳಿಗ್ಗೆ

ಬೋಧಿಯ ಕೆಳಗಿನ ಮರಳಂಗಳ. ಬಿಳಿ ಬಟ್ಟೆಯ ಜನಸಾಗರ. ನಮ್ಮವರು ಹೂ ಹಿಡಿದು ಸಾಲು ನಿಂತಿದ್ದರು. ಅತ್ತಿಗೆ ಗೋಡೆಯ ಹತ್ತಿರ, ಒಬ್ಬಳೇ. ಹಾಳೆಯನ್ನು ಅರ್ನೋಲಿಸ್ ಮಾವನ ಕೈಗಿಟ್ಟು ಓಡಬೇಕೆಂದಿದ್ದೆ. ಅವರು ಮಣಿಕಟ್ಟು ಹಿಡಿದರು.

"ಈ ಕಣ್ಣಲ್ಲಿ ನಾನೇನ್ ಓದ್ಲಿ ಮಗಾ? ನೀನೇ ಓದು. ಎಲ್ರಿಗೂ ಕೇಳೋ ಹಾಗೆ."

ಓದಿದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. ಎರಡು ಕಡೆ ನಿಂತುಹೋಯಿತು. ಅಮ್ಮನಿಗೆ ಹೇಳಿಕೊಟ್ಟದ್ದನ್ನೂ ಬರೆದಿದ್ದೆ, ಅದನ್ನೂ ಓದಿದೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬೊಬ್ಬರೂ ತಮ್ಮ ನಾಲಗೆಯನ್ನೇ ಅನುಮಾನಿಸುವವರ ಹಾಗೆ ಬಾಯಿ ಮುಚ್ಚಿಕೊಂಡು ನಿಂತರು.

ಎಮಲಿನ್ ದೊಡ್ಡಮ್ಮನೇ ಮೊದಲು. "ನಾವೇನ್ ಗೊತ್ತಿದ್ದು ತಿಂದ್ವಾ?"

"ನಾವ್ ಗೊತ್ತಿಲ್ದೆ ತಿಂದ್ವಿ, ಅವ್ಳು ಗೊತ್ತಿದ್ದು ಬಿಟ್ಳು" ಎಂದರು ಅರ್ನೋಲಿಸ್ ಮಾವ. ತಮ್ಮ ಹೂವಿನ ತಟ್ಟೆ ಮರಳಿನ ಮೇಲಿಟ್ಟರು. "ತಿಂದೋರು ಇಲ್ಲೇ ಕೂತ್ಕೊಳ್ಳಿ. ಮೂರ್ ಸಲ ಹಾಕಿಸ್ಕೊಂಡೋನು ನಾನೇ ಮೊದ್ಲು."

ಕೂತರು. ಒಬ್ಬರ ಹಿಂದೆ ಒಬ್ಬರು ಎಲ್ಲರೂ ಕೂತರು. ಬೇರೆ ಊರವರು ನಮ್ಮನ್ನು ದಾಟಿಕೊಂಡು ಹೋಗುತ್ತ ತಿರುಗಿ ನೋಡುತ್ತಾರೆ. ಇವರೇನು ಮಾಡಿರಬಹುದು ಎಂಬ ನೋಟ. ಆ ನೋಟ ನನಗೆ ಗೊತ್ತು.

ಅತ್ತಿಗೆ ಕೊಡ ಎತ್ತಿಕೊಂಡಳು. ಅಮ್ಮನ ಮುಂದೆಯೇ ಹಾದು ಹೋಗಬೇಕಿತ್ತು. ಅಮ್ಮ ತಲೆಯೆತ್ತಲಿಲ್ಲ. ನಮ್ಮ ಊರಿನಿಂದ ಒಬ್ಬಳೇ ಮೆಟ್ಟಿಲು ಹತ್ತಿದಳು.

ಇಲ್ಲಿಂದ ಕೊಡ ಮಾತ್ರ ಕಾಣುತ್ತದೆ, ಗೋಡೆಯ ಮೇಲೆ, ಬಂದು ಹೋಗುತ್ತದೆ. ಮರಳಲ್ಲಿ ಕೂತೇ ಬರೆಯುತ್ತಿದ್ದೇನೆ. ಪಕ್ಕದಲ್ಲಿ ಅಮ್ಮನ ತುಟಿ ಅಲುಗುತ್ತಿದೆ. ಪ್ರಾರ್ಥನೆ ಎಂದುಕೊಂಡೆ. ಅಲ್ಲ. ಎಣಿಸುತ್ತಿದ್ದಾಳೆ. ಅತ್ತಿಗೆ ಒಂದು ಸುತ್ತು ಕಡಿಮೆ ಮಾಡಿಯಾಳೆಂದೋ, ಅಥವಾ...

ಐದು. ಆರು.

ಏಳಾಯಿತು. ಅಮ್ಮ ಎದ್ದಳು. ಮೆಟ್ಟಿಲ ಬುಡಕ್ಕೆ ಹೋಗಿ ನಿಂತಿದ್ದಾಳೆ. ಎರಡು ಕೈಯನ್ನೂ ಸೀರೆಗೆ ಒರೆಸಿಕೊಂಡಳು. ಮುಖ ಈ ಕಡೆ ಇಲ್ಲ, ಕಾಣದು. ಅತ್ತಿಗೆ ಇಳಿಯುತ್ತಿದ್ದಾಳೆ. ಅಮ್ಮನನ್ನು ನೋಡಿ ನಡುಮೆಟ್ಟಿಲಲ್ಲೇ ನಿಂತಳು. ಅಮ್ಮ ಈಗ ಕೊಡ ಇಳಿಸಿಕೊಳ್ಳಲು ಎರಡು ಕೈಯನ್ನೂ ಮೇಲಕ್ಕೆ ಚಾಚಿದ್ದಾಳೆ.